ಏಳೂವರೆ ವೋಲ್ಟಿನಲ್ಲಿ ಒಂದು ದಿನದ ಮತದಾನ

ಗದಗ, ಶಿರಹಟ್ಟಿ, ಮುಂಡರಗಿ ಸೀಮೆಗೆ ಹಬ್ಬಿದ ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುವುದನ್ನು ಕಂಡವರಿಗೆ ಕರೆಂಟು ಎಂದರೆ ಭಾರಿ ಸಂಗತಿ. ಆದರೆ 2024ರ ಮೇ 7ರಂದು ಇದೇ ಗುಡ್ಡದ ಬುಡದ ಊರುಗಳಲ್ಲಿ ಹಾವೇರಿ ಲೋಕಸಭಾ ಕ್ಷೇತ್ರದ ಮತದಾನ ನಡೆಯಿತಲ್ಲ, ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ ದುಡಿದ ಆ ಮತಯಂತ್ರಕ್ಕೆ ಗೋಡೆಯ ಪ್ಲಗ್ಗೇ ಬೇಕಿರಲಿಲ್ಲ!

ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಮತಯಂತ್ರದಲ್ಲಿ ಮತಗಳ ಲೆಕ್ಕವಿಡುವ ಕಂಟ್ರೋಲ್ ಯೂನಿಟ್‌ಗೆ ಸಾಕಾಗುವುದು 7.5 ವೋಲ್ಟಿನ ಬ್ಯಾಟರಿ. 1.5 ವೋಲ್ಟಿನ ಐದು ಸೆಲ್ ಸಾಲಾಗಿ ಜೋಡಿಸಿದರೆ ಸಿಗುವಷ್ಟೇ ವೋಲ್ಟೇಜು! ನಾವು ಗುಂಡಿ ಒತ್ತುವ ಬ್ಯಾಲೆಟ್ ಯೂನಿಟ್‌ಗಂತೂ ಸಾಮಾನ್ಯವಾಗಿ ಸ್ವಂತ ಬ್ಯಾಟರಿಯೇ ಇರುವುದಿಲ್ಲ. ಕೇಬಲ್ಲಿನ ಮೂಲಕ ಹರಿದುಬಂದದ್ದೇ ಅದರ ಪಾಲು.

ಇದು ಹೇಗೆ ಸಾಧ್ಯ? ದೀಪಗಳನ್ನು ಗಮನಿಸಿ. ಅಧಿಕಾರಿ ಕಂಟ್ರೋಲ್ ಯೂನಿಟ್‌ನ ಬ್ಯಾಲೆಟ್ ಗುಂಡಿ ಒತ್ತಿದಾಗ ಬ್ಯಾಲೆಟ್ ಯೂನಿಟ್‌ನಲ್ಲಿ ಹಸಿರು ಎಲ್ಇಡಿ ಹೊತ್ತುತ್ತದೆ. ನೀವು ನೀಲಿ ಗುಂಡಿ ಒತ್ತಿದಿರಿ, ಅಭ್ಯರ್ಥಿಯ ಹೆಸರಿನ ಪಕ್ಕ ಕೆಂಪು ದೀಪ, ಬೀಪ್ ಸದ್ದು, ಅಷ್ಟೇ. ದೀಪ ಆರಿತು. ಮತದ ಚೀಟಿ ತೋರಿಸುವ ವಿವಿಪ್ಯಾಟ್ ಯಂತ್ರದಲ್ಲೂ ಚೀಟಿ ಕಾಣುವುದು 7 ಸೆಕೆಂಡು ಮಾತ್ರ. ಆದರೆ ಅದು ಮುದ್ರಿಸಬೇಕು, ಕಾಗದ ಸರಿಸಬೇಕು. ಅದಕ್ಕೇ ಅದರ ಬ್ಯಾಟರಿ 22.5 ವೋಲ್ಟಿನದು. ಇನ್ನೂ ಸೋಜಿಗ ಕೇಳಿ: ಬ್ಯಾಟರಿ ತೆಗೆದಿಟ್ಟರೂ ಮತಗಳ ಲೆಕ್ಕ ಹತ್ತು ವರ್ಷಕ್ಕೂ ಮೀರಿ ಅಳಿಯದು. ನೆನಪಿಡಲು ಕರೆಂಟೇ ಬೇಡ!

ಬೇಕಾದಷ್ಟು ಹೊತ್ತು ಮಾತ್ರ ಕರೆಂಟು ಬಳಸುವ ಈ ಜಾಣತನ ನಮ್ಮ ಕೈಗೂ ಎಟಕುವಂಥದ್ದು. ಸಿಆರ್2032 ಎಂಬ ಬಟನ್ ಸೆಲ್ಲನ್ನೇ ನೋಡಿ: 3 ವೋಲ್ಟು, ಸುಮಾರು 220 ಮಿಲಿ ಆಂಪಿಯರ್-ಗಂಟೆ. 10 ಮಿಲಿ ಆಂಪಿಯರ್ ಎಳೆಯುವ ಎಲ್ಇಡಿಯನ್ನು ಸತತ ಉರಿಸಿದರೆ ಲೆಕ್ಕಕ್ಕೆ 22 ಗಂಟೆ. ಅದೇ ದೀಪವನ್ನು ಪ್ರತಿ ಸೆಕೆಂಡಿಗೊಮ್ಮೆ, ಸೆಕೆಂಡಿನ ನೂರನೇ ಒಂದು ಪಾಲು ಮಾತ್ರ ಮಿನುಗಿಸಿ. 2,200 ಗಂಟೆ! ಹೆಚ್ಚುಕಡಿಮೆ ಮೂರು ತಿಂಗಳು! ಕಣ್ಣಿಗೆ ಆ ಮಿಂಚು ಸ್ಪಷ್ಟವಾಗಿ ಕಾಣುತ್ತದೆ.

ದೀಪವನ್ನು ಹೀಗೆ ಮಿನುಗಿಸುವ ಮೈಕ್ರೋಕಂಟ್ರೋಲರ್ ಚಿಪ್ಪೇ ಸೆಲ್ಲನ್ನು ನುಂಗಿಬಿಡುವುದಿಲ್ಲವೇ? ಎಚ್ಚರವಿದ್ದರೆ ನುಂಗುತ್ತದೆ. ನಿದ್ದೆಗೆ ಕಳಿಸಿದರೆ ಎಟಿಟೈನಿ85ನಂಥ ಚಿಪ್ಪು ಕೆಲವೇ ಮೈಕ್ರೋ ಆಂಪಿಯರ್‌ಗೆ ಇಳಿಯುತ್ತದೆ. ಒಳಗಿನ ಟೈಮರ್ ಮಾತ್ರ ಎಚ್ಚರವಿದ್ದು, ವೇಳೆಗೆ ಸರಿಯಾಗಿ ಎಬ್ಬಿಸುತ್ತದೆ. ಮನೆಯ ಟಿವಿ ರಿಮೋಟ್ ಎರಡು ಪುಟ್ಟ ಸೆಲ್ಲಿನಲ್ಲಿ ತಿಂಗಳುಗಟ್ಟಲೆ ಬಾಳುವುದರ ಹಿಂದೆಯೂ ಇದೇ ನಿದ್ದೆಯಿದೆ.

ಗದಗ-ಬೆಟಗೇರಿಯ, ಲಕ್ಷ್ಮೇಶ್ವರದ ವಿದ್ಯಾರ್ಥಿಗಳೇ, ವಿಜ್ಞಾನ ಮೇಳಕ್ಕೆ ಮಾದರಿ ಮಾಡುವಾಗ ದೊಡ್ಡ ಬ್ಯಾಟರಿ ಹುಡುಕುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಯಾವ ಭಾಗ ಎಷ್ಟು ಹೊತ್ತು ಎಚ್ಚರವಿರಬೇಕು, ಎಷ್ಟು ಮಿಲಿ ಆಂಪಿಯರ್ ಎಳೆಯುತ್ತದೆ ಎಂದು ಬರೆಯಿರಿ. ಸೆಲ್ಲಿನ ಆಯುಷ್ಯ ಹೆಚ್ಚುವುದು ಆ ಹಾಳೆಯ ಮೇಲೆಯೇ.