ನರನೋವಿನ ಗುಳಿಗೆ ಮತ್ತು ರಾತ್ರಿಯ ನಿದ್ದೆ

ಕಾಲಿಗೆ ಮುಳ್ಳು ಚುಚ್ಚಿದರೆ ನರಗಳು ಆ ಸುದ್ದಿಯನ್ನು ಮೆದುಳಿಗೆ ಒಯ್ಯುತ್ತವೆ, ನೋವಾಗುತ್ತದೆ. ಮುಳ್ಳೂ ಇಲ್ಲದೆ, ಗಾಯವೂ ಇಲ್ಲದೆ, ಹಾಳಾದ ನರ ತಾನಾಗಿಯೇ ನೋವಿನ ಸಂಕೇತ ಕಳಿಸತೊಡಗಿದರೆ ಅದು ನರನೋವು. ಮೂರು ತಿಂಗಳು ಮೀರಿದರೆ ವೈದ್ಯರು ಅದನ್ನು ದೀರ್ಘಕಾಲದ ನೋವು ಎಂದು ಎಣಿಸುತ್ತಾರೆ. ಗದಗ ಜಿಲ್ಲೆಯ ನರಗುಂದ, ರೋಣ, ಗಜೇಂದ್ರಗಡದ ಕಡೆ ರೋಗಿಗಳು ಹೇಳಿಕೊಳ್ಳುವ ‘ಅಂಗಾಲು ಉರಿತಾವ’, ‘ಇರುವಿ ಹರದಾಡಿದಂಗ ಅಕ್ಕೈತಿ’, ‘ಚಳಕು ಹೊಡಿತೈತಿ’ ಎಂಬ ಮಾತುಗಳಲ್ಲಿ ಈ ರೋಗದ ಲಕ್ಷಣಗಳೆಲ್ಲ ಇವೆ. ಅವುಗಳ ಹಿಂದೆಯೇ ಬರುವ ಇನ್ನೊಂದು ದೂರು: ‘ರಾತ್ರಿ ನಿದ್ದಿ ಹತ್ತವಲ್ದು.’

ಕಾರಣಗಳಲ್ಲಿ ಮೊದಲನೆಯದು ಸಕ್ಕರೆ ಕಾಯಿಲೆ. ವರ್ಷಗಳು ಕಳೆದಂತೆ ಸುಮಾರು ಅರ್ಧದಷ್ಟು ಮಧುಮೇಹಿಗಳಲ್ಲಿ ನರಗಳು ಸ್ವಲ್ಪವಾದರೂ ಕೆಡುತ್ತವೆ. ಉದ್ದನೆಯ ನರಗಳು ಮೊದಲು ಕೆಡುವುದರಿಂದ ಉರಿ ಅಂಗಾಲಿನಿಂದ ಶುರುವಾಗುತ್ತದೆ. ಹಮಾಲರಲ್ಲಿ, ದಿನವಿಡೀ ಬಾಗಿ ಕಸ ತೆಗೆಯುವ ಕೂಲಿಯವರಲ್ಲಿ, ಮಗ್ಗದ ಮುಂದೆ ಕೂರುವ ನೇಕಾರರಲ್ಲಿ ಸೊಂಟನೋವು ಮಾಮೂಲು. ಡಿಸ್ಕ್ ಜಾರಿ ನರವನ್ನು ಒತ್ತಿದರೆ ಅದೇ ಕಾಲಿಗಿಳಿಯುವ ನರನೋವಾಗುತ್ತದೆ. ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ಉರಿ, ಕುಷ್ಠರೋಗದಿಂದ ಕೆಟ್ಟ ನರ, ಅತಿಯಾದ ಮದ್ಯ, ಬಿ12 ಕೊರತೆ ಉಳಿದ ಕಾರಣಗಳು. ಸಕ್ಕರೆಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ವರ್ಷಗಳು ಕಳೆದಂತೆ ಬಿ12 ಕುಸಿಯಬಹುದು. ಸಸ್ಯಾಹಾರಿಗಳಲ್ಲಿ ಈ ಅಪಾಯ ಇನ್ನಷ್ಟು.

ಹಗಲಿಗಿಂತ ರಾತ್ರಿ ನರನೋವು ಹೆಚ್ಚು ಕಾಡುತ್ತದೆ. ಹಗಲಲ್ಲಿ ಕೆಲಸ, ಮಾತು, ಓಡಾಟ ಮೆದುಳಿನ ಗಮನವನ್ನು ಹಂಚಿಕೊಂಡಿರುತ್ತವೆ. ಮಲಗಿದಾಗ ಕಾಲಿನ ಉರಿ ಒಂದೇ ಉಳಿಯುತ್ತದೆ. ಉರಿಯೂತವನ್ನು ತಗ್ಗಿಸುವ ಕಾರ್ಟಿಸಾಲ್ ಹಾರ್ಮೋನು ನಡುರಾತ್ರಿಯ ಹೊತ್ತಿಗೆ ತೀರ ಕೆಳಗಿರುತ್ತದೆ. ಕೆಟ್ಟ ನರಕ್ಕೆ ಬರಿಯ ಸ್ಪರ್ಶವೂ ನೋವಾಗಿ ಕಾಣುವುದುಂಟು. ಚಳಿಗಾಲದಲ್ಲಿ ಹೊದೆಯುವ ಭಾರದ ಕೌದಿ ಪಾದಕ್ಕೆ ತಾಗಿದರೆ ಕೆಲವರು ಬೆಚ್ಚಿ ಏಳುವುದು ಇದೇ ಕಾರಣಕ್ಕೆ. ಪಾದದ ಎರಡೂ ಬದಿಗೆ ದಿಂಬು ಅಥವಾ ಚಿಕ್ಕ ಸ್ಟೂಲು ಇಟ್ಟು ಕೌದಿಯನ್ನು ಎತ್ತರಿಸುವುದು ಖರ್ಚಿಲ್ಲದ ಉಪಾಯ, ಆದರೆ ಯಾವ ಔಷಧಿ ಚೀಟಿಯಲ್ಲೂ ಬರೆದಿರುವುದಿಲ್ಲ.

ನೋವು ನಿದ್ದೆ ಕೆಡಿಸುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಕೆಟ್ಟ ನಿದ್ದೆ ನೋವನ್ನು ಹೆಚ್ಚಿಸುತ್ತದೆ ಎನ್ನುವುದು ಅಷ್ಟೇ ನಿಜ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕಲಿ ಶಾಖೆಯವರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರೋಗ್ಯವಂತ ತರುಣರನ್ನು ಒಂದು ರಾತ್ರಿ ಎಚ್ಚರವಾಗಿರಿಸಿ ಕಾಲಿಗೆ ಬಿಸಿ ತಾಗಿಸಿದರು. ಸ್ಪರ್ಶ ಮತ್ತು ನೋವನ್ನು ಗುರುತಿಸುವ ಮೆದುಳಿನ ಭಾಗ ಎಂದಿಗಿಂತ ಜೋರಾಗಿ ಕೆಲಸ ಮಾಡಿತು. ನೋವನ್ನು ತೂಗಿ ತಗ್ಗಿಸುವಲ್ಲಿ ಪಾಲಿರುವ ಭಾಗಗಳು ಮಂಕಾದವು. ನರನೋವಿನ ರೋಗಿಯ ಮೆದುಳಿನಲ್ಲಿ ಇಂಥದ್ದು ತಿಂಗಳುಗಟ್ಟಲೆ ನಡೆಯುತ್ತಿರಬಹುದು. ಹಾಗಾಗಿ ನಿದ್ದೆಯನ್ನು ಸರಿಪಡಿಸುವುದು ನೋವಿನ ಚಿಕಿತ್ಸೆಯ ಭಾಗವೇ.

ನೋವು, ನಿದ್ದೆ ಇವೆರಡರ ನಡುವೆ ಕೂತಿರುವುದು ಗುಳಿಗೆ. ಸಾಮಾನ್ಯ ನೋವಿಗೆ ಕೊಡುವ ಡೈಕ್ಲೊಫೆನಾಕ್, ಪ್ಯಾರಾಸಿಟಮಾಲ್ ನರನೋವಿಗೆ ಹೆಚ್ಚು ನಾಟುವುದಿಲ್ಲ. ಇದಕ್ಕೆ ಬಳಸುವ ಔಷಧಿಗಳು ಬೇರೆ ರೋಗಗಳಿಗೆಂದು ಹುಟ್ಟಿದವು: ಗ್ಯಾಬಾಪೆಂಟಿನ್ ಮೊದಲು ಬಂದದ್ದು ಮೂರ್ಛೆರೋಗಕ್ಕೆ, ಅಮಿಟ್ರಿಪ್ಟಿಲಿನ್ ಖಿನ್ನತೆಗೆ. ಎಲ್ಲವೂ ಮೆದುಳಿನ ಮೇಲೆ ಕೆಲಸ ಮಾಡುವುದರಿಂದ ನಿದ್ದೆಯನ್ನು ಮುಟ್ಟದೆ ಬಿಡುವುದಿಲ್ಲ, ಆದರೆ ಒಂದೊಂದೂ ಮುಟ್ಟುವ ರೀತಿ ಬೇರೆ.

ಗ್ಯಾಬಾಪೆಂಟಿನ್ ಮತ್ತು ಪ್ರಿಗ್ಯಾಬಲಿನ್ ನರತುದಿಯ ಕ್ಯಾಲ್ಸಿಯಂ ನಾಳಗಳ ಒಂದು ಭಾಗಕ್ಕೆ ಅಂಟಿಕೊಂಡು, ನೋವಿನ ಸಂಕೇತ ದಾಟಿಸುವ ರಾಸಾಯನಿಕಗಳ ಬಿಡುಗಡೆಯನ್ನು ಕಡಿಮೆ ಮಾಡುತ್ತವೆ. ಇವು ಗಾಢನಿದ್ದೆಯನ್ನು ಹೆಚ್ಚಿಸುತ್ತವೆ, ಅದು ಲಾಭ. ತಲೆಸುತ್ತು, ಹಗಲು ತೂಕಡಿಕೆ, ಪಾದದ ಬಾವು, ತೂಕ ಏರುವುದು ಇದರ ಬೆಲೆ. ರಕ್ತದಲ್ಲಿ ಎರಡರ ಪ್ರಮಾಣವೂ ಸುಮಾರು ಆರು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಸಂಜೆ ಏಳಕ್ಕೆ ಊಟದ ಜೊತೆ ನುಂಗಿದವರಿಗೆ ರಾತ್ರಿ ಎರಡು-ಮೂರರ ಹೊತ್ತಿಗೆ ಎಚ್ಚರವಾಗುತ್ತಿದ್ದರೆ, ಗುಳಿಗೆ ಬದಲಿಸುವ ಮೊದಲು ಅದರ ವೇಳೆಯನ್ನು ಮಲಗುವ ಹೊತ್ತಿನ ಹತ್ತಿರಕ್ಕೆ ತರಬಹುದೇ ಎಂದು ವೈದ್ಯರನ್ನು ಕೇಳಬೇಕು. ಎದೆಯುರಿಗೆ ಕುಡಿಯುವ ಆಂಟಾಸಿಡ್ ಗ್ಯಾಬಾಪೆಂಟಿನ್ ಹೀರಿಕೆಯನ್ನು ತಗ್ಗಿಸುತ್ತದೆ. ಎರಡರ ನಡುವೆ ಎರಡು ಗಂಟೆ ಅಂತರವಿರಬೇಕು.

ಅಮಿಟ್ರಿಪ್ಟಿಲಿನ್ ಅನ್ನು ನರನೋವಿಗೆ 10 ಅಥವಾ 25 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ. ಅದು ಹಿಸ್ಟಮಿನ್ ತಡೆಯುವುದರಿಂದ ನಿದ್ದೆ ಬರುತ್ತದೆ. ಅದರ ಮಂಪರು ಬೆಳಗಿನವರೆಗೂ ಎಳೆಯುತ್ತದೆ. ಮಲಗುವ ಕ್ಷಣದ ಬದಲು ಒಂದೆರಡು ಗಂಟೆ ಮೊದಲೇ ನುಂಗಿದರೆ ನಸುಕಿನಲ್ಲಿ ಟ್ರ್ಯಾಕ್ಟರ್ ಹತ್ತುವವರಿಗೆ ಅನುಕೂಲ. ಬಾಯಿ ಒಣಗುವುದು, ಮಲಬದ್ಧತೆ ಇದ್ದದ್ದೇ. ಪ್ರೊಸ್ಟೇಟ್ ಗ್ರಂಥಿ ಊದಿದ ಹಿರಿಯರಲ್ಲಿ ಮೂತ್ರ ಕಟ್ಟಿಕೊಂಡು ರಾತ್ರಿ ನಾಲ್ಕು ಬಾರಿ ಏಳುವಂತಾಗಬಹುದು. ನಿದ್ದೆಗೆ ಸಹಾಯವಾಗಬೇಕಿದ್ದ ಗುಳಿಗೆಯೇ ಆಗ ನಿದ್ದೆ ಕೆಡಿಸಿದಂತೆ. ಇದು ಕನಸಿನ ಹಂತದ ನಿದ್ದೆಯನ್ನೂ ಕುಗ್ಗಿಸುತ್ತದೆ.

ಖಿನ್ನತೆಗೂ ಕೊಡುವ ಡ್ಯುಲೊಕ್ಸೆಟಿನ್ ಕೆಲವರಿಗೆ ತೂಕಡಿಕೆ ತಂದರೆ ಇನ್ನು ಕೆಲವರ ನಿದ್ದೆಯನ್ನೇ ಹಾರಿಸುತ್ತದೆ. ಎರಡನೆಯವರು ವೈದ್ಯರ ಒಪ್ಪಿಗೆಯಿಂದ ಅದನ್ನು ಬೆಳಗಿನ ತಿಂಡಿಯ ನಂತರಕ್ಕೆ ಸರಿಸಿದರೆ ಎಷ್ಟೋ ಬಾರಿ ತೊಂದರೆ ಅಲ್ಲಿಗೆ ಮುಗಿಯುತ್ತದೆ. ಅಫೀಮಿನ ಬಳಗದ ನೋವುನಿವಾರಕ ಟ್ರಮಡಾಲ್ ಮಂಪರು ತರುತ್ತದೆ ಹೊರತು ಒಳ್ಳೆಯ ನಿದ್ದೆಯನ್ನಲ್ಲ. ಅದನ್ನು ಡ್ಯುಲೊಕ್ಸೆಟಿನ್ ಅಥವಾ ಅಮಿಟ್ರಿಪ್ಟಿಲಿನ್ ಜೊತೆ ಸೇರಿಸಿದರೆ ನಡುಕ, ಬೆವರು, ಜ್ವರ, ಗೊಂದಲ ಬರುವ ಅಪಾಯವೂ ಇದೆ. 2018ರಿಂದ ಅದು ಭಾರತದಲ್ಲಿ ಮಾದಕವಸ್ತು ಕಾಯ್ದೆಯ ನಿಯಂತ್ರಣದಲ್ಲಿದೆ.

ನಮ್ಮ ಔಷಧ ಅಂಗಡಿಗಳಲ್ಲಿ ಪ್ರಿಗ್ಯಾಬಲಿನ್, ಬಿ12ರ ರೂಪವಾದ ಮಿಥೈಲ್‌ಕೋಬಾಲಮಿನ್, ಕೆಲವೊಮ್ಮೆ ಅಮಿಟ್ರಿಪ್ಟಿಲಿನ್ ಬಳಗದ ನಾರ್ಟ್ರಿಪ್ಟಿಲಿನ್ ಅನ್ನೂ ಸೇರಿಸಿದ ಒಂದೇ ಗುಳಿಗೆ ಧಾರಾಳವಾಗಿ ಮಾರಾಟವಾಗುತ್ತದೆ. ಬಹಳ ರೋಗಿಗಳು ಅದನ್ನು ‘ನರದ ಶಕ್ತಿ ಗುಳಿಗಿ’ ಎಂದೇ ತಿಳಿದಿರುತ್ತಾರೆ. ಅದರೊಳಗೆ ನಿದ್ದೆಯನ್ನು ಮುಟ್ಟುವ ಒಂದೆರಡು ಔಷಧಿಗಳಿವೆ ಎಂದು ಗೊತ್ತಿಲ್ಲದವರು ಬೇಕೆನಿಸಿದಾಗ ನುಂಗುತ್ತಾರೆ, ಹಗುರೆನಿಸಿದಾಗ ಬಿಡುತ್ತಾರೆ. ಒಂದರ ಪ್ರಮಾಣ ಬದಲಿಸದೆ ಇನ್ನೊಂದನ್ನು ಹೊಂದಿಸಲು ವೈದ್ಯರಿಗೂ ಆಗುವುದಿಲ್ಲ. ನಿದ್ದೆಯ ತಕರಾರಿರುವ ರೋಗಿಗೆ ಬಿಡಿ ಗುಳಿಗೆಗಳೇ ಮೇಲು.

ಈ ಔಷಧಿಗಳಿಂದ ಎಲ್ಲರ ನೋವೂ ಹೋಗುವುದಿಲ್ಲ ಎನ್ನುವುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಸಕ್ಕರೆ ಕಾಯಿಲೆಯ ನರನೋವಿಗೆ ಗ್ಯಾಬಾಪೆಂಟಿನ್ ಪಡೆದ ಹತ್ತು ಜನರಲ್ಲಿ ಮೂರು-ನಾಲ್ಕು ಜನರಿಗೆ ನೋವು ಅರ್ಧಕ್ಕಿಳಿಯುತ್ತದೆ. ಔಷಧಿಯಿಲ್ಲದ ಹುಸಿ ಗುಳಿಗೆ ಪಡೆದವರಲ್ಲೂ ಹತ್ತಕ್ಕೆ ಇಬ್ಬರಿಗೆ ಹಾಗಾಗುತ್ತದೆ. ಉಳಿದವರು ಪ್ರಮಾಣ ಸಾಲದೆಂದು ತಾವೇ ಎರಡು ನುಂಗಿದರೆ ಹೆಚ್ಚುವುದು ನೋವಿನ ಶಮನವಲ್ಲ, ತಲೆಸುತ್ತು.

ನಿದ್ದೆ ಅತಿ ಹೆಚ್ಚು ಕೆಡುವುದು ಗುಳಿಗೆ ನುಂಗಿದ ರಾತ್ರಿಯಲ್ಲ, ಗುಳಿಗೆ ತಪ್ಪಿದ ರಾತ್ರಿ. ತಿಂಗಳುಗಟ್ಟಲೆ ತೆಗೆದುಕೊಂಡ ಪ್ರಿಗ್ಯಾಬಲಿನ್, ಗ್ಯಾಬಾಪೆಂಟಿನ್ ಅಥವಾ ಡ್ಯುಲೊಕ್ಸೆಟಿನ್ ಒಮ್ಮೆಲೇ ನಿಂತರೆ ನಿದ್ದೆಗೇಡು, ಬೆವರು, ವಾಕರಿಕೆ, ಕಳವಳ ಬರುತ್ತವೆ. ತಜ್ಞರನ್ನು ಕಾಣಲು ಹುಬ್ಬಳ್ಳಿಗೋ ಗದಗಿಗೋ ಬಸ್ಸು ಹಿಡಿಯಬೇಕಾದ ಊರುಗಳಲ್ಲಿ, ಕಡಲೆ ರಾಶಿಯ ಸುಗ್ಗಿಯಲ್ಲಿ, ಮನೆಯ ಮದುವೆಯಲ್ಲಿ ಗುಳಿಗೆಯ ಪಟ್ಟಿ ಖಾಲಿಯಾಗಿ ನಾಲ್ಕು ದಿನ ಕಳೆಯುವುದು ಅಪರೂಪವಲ್ಲ. ಆಗಿನ ತೊಳಲಾಟವನ್ನು ರೋಗ ಉಲ್ಬಣಿಸಿತೆಂದೇ ತಿಳಿದು ಇನ್ನೊಂದು ದವಾಖಾನೆಗೆ ಹೋಗಿ ಹೊಸ ಗುಳಿಗೆ ಬರೆಸಿಕೊಂಡು ಬರುತ್ತಾರೆ. ಪಟ್ಟಿಯಲ್ಲಿ ಒಂದು ವಾರದ ಗುಳಿಗೆ ಉಳಿದಿರುವಾಗಲೇ ಮುಂದಿನದನ್ನು ತರುವುದು, ಬಿಡುವುದಾದರೆ ವೈದ್ಯರು ಹೇಳಿದಂತೆ ಕನಿಷ್ಠ ಒಂದು ವಾರದಲ್ಲಿ ಹಂತಹಂತವಾಗಿ ಇಳಿಸುವುದು ಇದಕ್ಕೆ ದಾರಿ.

ಮೂತ್ರಪಿಂಡದ ಮಾತು ಇಲ್ಲಿಯೇ ಬರಬೇಕು. ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ದೇಹದಿಂದ ಹೊರಹೋಗುವುದು ಮೂತ್ರದ ಮೂಲಕ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋತವರಲ್ಲಿ ಅದೇ ಪ್ರಮಾಣ ಅತಿಯಾಗುತ್ತದೆ; ರೋಗಿ ಹಗಲೆಲ್ಲ ಮಂಪರಿನಲ್ಲಿದ್ದು ರಾತ್ರಿ ಎಚ್ಚರವಾಗಿರುತ್ತಾನೆ. ನರನೋವಿಗೆ ಹೆಚ್ಚು ಉಪಯೋಗವಿಲ್ಲದ ಡೈಕ್ಲೊಫೆನಾಕ್ ಚುಚ್ಚುಮದ್ದನ್ನು ಮೇಲಿಂದ ಮೇಲೆ ಹಾಕಿಸಿಕೊಳ್ಳುವುದು ಮೂತ್ರಪಿಂಡವನ್ನು ಇನ್ನಷ್ಟು ಕೆಡಿಸುತ್ತದೆ. ಸೊಂಟನೋವಿಗೆ ಸ್ಟಿರಾಯ್ಡ್ ಪಡೆದವರಿಗೆ ಒಂದೆರಡು ರಾತ್ರಿ ನಿದ್ದೆ ಬಾರದಿರುವುದೂ ಸಕ್ಕರೆ ಏರುವುದೂ ಸಾಮಾನ್ಯ. ಚುಚ್ಚಿದ್ದೇನು ಎಂದು ಕೇಳಿ ಬರೆಸಿಕೊಂಡರೆ ಮುಂದಿನ ವೈದ್ಯರಿಗೆ ದಾರಿ ಸುಲಭ.

ನಿದ್ದೆ ಬಾರದಿದ್ದಾಗ ಮೊದಲು ನೆನಪಾಗುವುದು ನಿದ್ದೆಗುಳಿಗೆ. ಆಲ್‌ಪ್ರಜೋಲಾಮ್ ಮತ್ತು ಅದರ ಬಳಗದ ಗುಳಿಗೆಗಳು ಬೇಗ ಮಲಗಿಸುತ್ತವೆ, ಆದರೆ ಗಾಢನಿದ್ದೆಯನ್ನು ಕಡಿಮೆ ಮಾಡುತ್ತವೆ. ಕೆಲವೇ ವಾರಗಳಲ್ಲಿ ಅವಿಲ್ಲದೆ ಕಣ್ಣು ಮುಚ್ಚದ ಸ್ಥಿತಿ ತರಬಲ್ಲವು. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯಲ್ಲಿ ಆಲ್‌ಪ್ರಜೋಲಾಮ್ ಇದೆ, ಅಂದರೆ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ದಾಖಲಿಸಬೇಕು. ಪ್ರಿಗ್ಯಾಬಲಿನ್ ಜೊತೆ ಇದಾಗಲಿ, ಟ್ರಮಡಾಲ್ ಆಗಲಿ, ಸಾರಾಯಿಯಾಗಲಿ ಸೇರಿದರೆ ಉಸಿರಾಟವೇ ನಿಧಾನವಾಗುವ ಅಪಾಯವಿದೆ. ವಯಸ್ಸಾದವರಲ್ಲಿ, ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟುವವರಲ್ಲಿ ಇದು ಇನ್ನೂ ಹೆಚ್ಚು.

ಕಾಲಿನ ಎಲ್ಲ ಚಡಪಡಿಕೆಯೂ ನರನೋವಲ್ಲ. ಸಂಜೆಯಾದರೆ ಕಾಲು ಆಡಿಸಲೇಬೇಕೆನಿಸಿ, ಎದ್ದು ಅಡ್ಡಾಡಿದರೆ ಹಗುರವಾಗಿ, ಮಲಗಿದರೆ ಮರಳುವ ಇನ್ನೊಂದು ತೊಂದರೆಯಿದೆ. ಕಬ್ಬಿಣದ ಕೊರತೆ ಅದಕ್ಕೆ ಮುಖ್ಯ ಕಾರಣ, ರಕ್ತಹೀನತೆಯಿರುವ ಹೆಂಗಸರಲ್ಲಿ ಹೆಚ್ಚು. ಅಮಿಟ್ರಿಪ್ಟಿಲಿನ್, ಡ್ಯುಲೊಕ್ಸೆಟಿನ್ ಅದನ್ನು ಕೆರಳಿಸಬಹುದು, ಪ್ರಿಗ್ಯಾಬಲಿನ್ ತಗ್ಗಿಸುತ್ತದೆ. ರಕ್ತದ ಫೆರಿಟಿನ್ ಪರೀಕ್ಷೆಯಿಂದ ಕಬ್ಬಿಣದ ಸಂಗ್ರಹ ತಿಳಿಯುತ್ತದೆ.

ಗುಳಿಗೆಯ ವೇಳೆ ಸರಿಹೋದ ಮೇಲೂ ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟು ಹಗಲಿನ ಕೆಲಸ ಕೆಡುತ್ತಿದ್ದರೆ ಅದು ಸ್ವತಂತ್ರ ರೋಗ, ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು. ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಗುಳಿಗೆಗಿಂತ ಮೊದಲು ಕೊಡಬೇಕೆಂದು ಹೇಳಿದ್ದು ನಿದ್ದೆಯ ವರ್ತನಾ ಚಿಕಿತ್ಸೆಯನ್ನು. ಅದರ ಎರಡು ಕಂಬಗಳಲ್ಲಿ ಒಂದನ್ನು 1972ರಲ್ಲಿ ರಿಚರ್ಡ್ ಬೂಟ್ಜಿನ್, ಇನ್ನೊಂದನ್ನು 1987ರಲ್ಲಿ ಆರ್ಥರ್ ಸ್ಪೀಲ್ಮನ್ ನಿಲ್ಲಿಸಿದರು. ಬೂಟ್ಜಿನ್ ನಿಯಮ: ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹೋಗಬೇಕು, ಇಪ್ಪತ್ತು ನಿಮಿಷದ ಅಂದಾಜಿನಲ್ಲಿ ಬಾರದಿದ್ದರೆ ಏಳಬೇಕು, ರಾತ್ರಿ ಹೇಗೇ ಕಳೆದಿರಲಿ, ಬೆಳಗ್ಗೆ ಒಂದೇ ಹೊತ್ತಿಗೆ ಏಳಬೇಕು, ಹಗಲಲ್ಲಿ ಮಲಗಬಾರದು. ಸ್ಪೀಲ್ಮನ್ ಪದ್ಧತಿಯಲ್ಲಿ ಎಂಟು ಗಂಟೆ ಹೊರಳಾಡಿ ಐದೂವರೆ ಗಂಟೆ ನಿದ್ರಿಸುವವರಿಗೆ ಹಾಸಿಗೆಯ ವೇಳೆಯನ್ನೇ ಐದೂವರೆ ಗಂಟೆಗೆ ಇಳಿಸುತ್ತಾರೆ. ಎಚ್ಚರದ ಹೊತ್ತು ಉದ್ದವಾದಷ್ಟೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂಡಿ ನಿದ್ದೆಯ ಒತ್ತಡ ಬೆಳೆಯುತ್ತದೆ, ಚೂರುಚೂರಾದ ನಿದ್ದೆ ಕೂಡಿಕೊಳ್ಳುತ್ತದೆ. ಆಮೇಲೆ ವಾರಕ್ಕೆ ಹದಿನೈದು ನಿಮಿಷದಂತೆ ವೇಳೆ ಹೆಚ್ಚಿಸುತ್ತಾರೆ. ಐದು ಗಂಟೆಗಿಂತ ಕೆಳಗೆ ಇಳಿಸುವುದಿಲ್ಲ. ಮೂರ್ಛೆರೋಗವಿರುವವರಿಗೆ, ವಾಹನ ಓಡಿಸುವವರಿಗೆ ಇದನ್ನು ವೈದ್ಯರ ನಿಗಾ ಇಲ್ಲದೆ ಮಾಡಿಸಬಾರದು. ನೋವಿನ ರೋಗಿಗಳಲ್ಲಿ ಈ ಚಿಕಿತ್ಸೆಯಿಂದ ನಿದ್ದೆ ಚೆನ್ನಾಗಿ ಸುಧಾರಿಸುತ್ತದೆ, ನೋವು ಸ್ವಲ್ಪ.

ಈ ನಿಯಮಗಳನ್ನು ಇದ್ದಂತೆ ತಂದರೆ ನರಗುಂದದಲ್ಲಿ ನಡೆಯುವುದಿಲ್ಲ. ಪಂಪಸೆಟ್ಟಿನ ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೆ, ಮಲಪ್ರಭಾ ಕಾಲುವೆಯ ನೀರಿನ ಪಾಳಿ ರಾತ್ರಿಗೆ ಬಿದ್ದರೆ ರೈತ ಏಳಲೇಬೇಕು. ಅಂಥ ದಿನಗಳಲ್ಲೂ ಬೆಳಗ್ಗೆ ಏಳುವ ಹೊತ್ತನ್ನು ಹೆಚ್ಚು ಸಡಿಲಿಸದೆ, ಮಧ್ಯಾಹ್ನ ಮೂರಕ್ಕೆ ಮೊದಲು ಅರ್ಧ ಗಂಟೆ ಮಲಗಿ ಸರಿದೂಗಿಸುವುದು ವಾಸಿ. ಪ್ರಿಗ್ಯಾಬಲಿನ್ ನುಂಗಿದ ಹಿರಿಯರು ಕತ್ತಲಲ್ಲಿ ಎದ್ದು ಓಡಾಡಿದರೆ ಬೀಳುತ್ತಾರೆ. ನಿದ್ದೆ ಬಾರದಿದ್ದಾಗ ಅವರು ಹಾಸಿಗೆಯಲ್ಲೇ ಎದ್ದು ಕುಳಿತರೆ ಸಾಕು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವುದು ಉರಿಯುವ ಪಾದಕ್ಕೂ ನಿದ್ದೆಗೂ ತಂಪು, ಆದರೆ ಅರೆನಿದ್ದೆಯಲ್ಲಿ ಏಣಿ ಇಳಿಯುವುದು ಅಪಾಯ. ಉರಿ ತಡೆಯದೆ ಪಾದವನ್ನು ತಣ್ಣೀರಿನ ಬುಟ್ಟಿಯಲ್ಲಿ ಗಂಟೆಗಟ್ಟಲೆ ಇಡುವವರಿದ್ದಾರೆ. ಚರ್ಮ ನೆನೆದು ಬಿರಿದು ಹುಣ್ಣಾಗುತ್ತದೆ. ಮರಗಟ್ಟಿದ ಪಾದಕ್ಕೆ ಬಿಸಿನೀರಿನ ಶಾಖವಂತೂ ಬೇಡವೇ ಬೇಡ. ಅಡೆನೊಸಿನ್ ಕೆಲಸವನ್ನು ತಡೆಯುವ ಕೆಫೀನ್ ಅರ್ಧಕ್ಕಿಳಿಯಲು ಐದಾರು ಗಂಟೆ ಬೇಕಾದ್ದರಿಂದ ಸಂಜೆಯ ಚಹಾ ಬಿಡಬೇಕು. ತಂಬಾಕು, ಗುಟ್ಕಾದ ನಿಕೋಟಿನ್ ಕೂಡ ಎಚ್ಚರ ತರುವ ವಸ್ತುವೇ.

ವೈದ್ಯರಲ್ಲಿಗೆ ಹೋಗುವಾಗ ಎರಡು ವಾರದ ಟಿಪ್ಪಣಿ ಜೊತೆಗಿದ್ದರೆ ಚಿಕಿತ್ಸೆ ಬೇಗ ಹೊಂದುತ್ತದೆ: ಮಲಗಿದ ಹೊತ್ತು, ಎದ್ದ ಹೊತ್ತು, ಯಾವ ಗುಳಿಗೆ ಎಷ್ಟು ಹೊತ್ತಿಗೆ, ಯಾವ ರಾತ್ರಿ ತಪ್ಪಿತು, ನಡುರಾತ್ರಿ ಎಬ್ಬಿಸಿದ್ದು ಉರಿಯೋ, ಮೂತ್ರವೋ, ಸಕ್ಕರೆ ಇಳಿದು ಬಂದ ಬೆವರೋ. ತಾಲ್ಲೂಕು ಆಸ್ಪತ್ರೆಯ ಆಚೆ ಗದಗಿನ ವೈದ್ಯಕೀಯ ವಿಜ್ಞಾನ ಸಂಸ್ಥೆ, ಕಿಮ್ಸ್ ಎಂದೇ ಜನ ಬಲ್ಲ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್ ಇವೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ಮನೋಚೈತನ್ಯ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತು. ಬಿಡದ ನೋವು, ಕೆಟ್ಟ ನಿದ್ದೆ ಎರಡೂ ಖಿನ್ನತೆಗೆ ದಾರಿ ಮಾಡುತ್ತವೆ. ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್, ಡ್ಯುಲೊಕ್ಸೆಟಿನ್ ಶುರುವಾದ ವಾರಗಳಲ್ಲಿ ಬದುಕು ಬೇಡವೆನ್ನುವ ಯೋಚನೆ ಬಂದರೆ ಅದನ್ನು ಮನೆಯವರಿಗೂ ವೈದ್ಯರಿಗೂ ಆ ದಿನವೇ ಹೇಳಬೇಕು. 2022ರಿಂದ ನಡೆಯುತ್ತಿರುವ ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ತೆರೆದಿರುತ್ತದೆ; ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡಬಹುದು.