ತಖ್ತೆಯ ಪಕ್ಷಪಾತ

ಕುಟುಂಬ ಯೋಜನೆಯನ್ನು ಕುರಿತು ಬೆಂಗಳೂರಿನ ದೀಪಾ ಧನರಾಜ್ 1991ರಲ್ಲಿ ನಿರ್ದೇಶಿಸಿದ ‘ಸಮ್‌ಥಿಂಗ್ ಲೈಕ್ ಎ ವಾರ್’ ಸಾಕ್ಷ್ಯಚಿತ್ರವನ್ನು ಈಚೆಗೆ ರಾಜಾಜಿನಗರದ ಮನೆಯಲ್ಲಿ ಮತ್ತೊಮ್ಮೆ ನೋಡಿದೆ. ಸೇವೆಯಲ್ಲಿದ್ದಾಗ ಅದನ್ನು ಏಕಪಕ್ಷೀಯವೆಂದು ತಳ್ಳಿಹಾಕಿದ್ದೆ.

ಚಿತ್ರ ಪಕ್ಷ ವಹಿಸುತ್ತದೆ, ನಿಜ. ತಾವು ಮಾಡಿದ ಸಂತಾನಹರಣ ಶಸ್ತ್ರಚಿಕಿತ್ಸೆಗಳ ಲೆಕ್ಕ ಹೇಳಿ ಹೆಮ್ಮೆಪಡುವ ವೈದ್ಯರು ಒಂದೆಡೆ. ಒಟ್ಟಾಗಿ ಕುಳಿತು ತಮ್ಮ ದೇಹದ ಬಗ್ಗೆ ಮಾತನಾಡುವ ಹೆಂಗಸರು ಇನ್ನೊಂದೆಡೆ. ಸಂಕಲನದ ಈ ಜೋಡಣೆಯೇ ಚಿತ್ರದ ವಾದ. ಆದರೆ ಅದು ಬಚ್ಚಿಟ್ಟ ವಾದವಲ್ಲ. ಒಪ್ಪದಿರುವ ಸ್ವಾತಂತ್ರ್ಯ ನೋಡುಗನಿಗಿದೆ.

ನಾನು ಸಹಿ ಹಾಕುತ್ತಿದ್ದ ಮಾಸಿಕ ತಖ್ತೆಯಲ್ಲಿ ಗುರಿ, ಸಾಧನೆ, ಶೇಕಡಾವಾರು ಎಂಬ ಕಲಂಗಳಿದ್ದವು. ಮಹಿಳೆಯ ಸಮ್ಮತಿಗೆ ಕಲಂ ಇರಲಿಲ್ಲ. ಕೇಂದ್ರ ಸರ್ಕಾರ 1996ರಲ್ಲಿ ಆ ಗುರಿಗಳನ್ನೇ ಕೈಬಿಟ್ಟಿತು. ಚಿತ್ರ ತನ್ನ ಪಕ್ಷವನ್ನು ಒಪ್ಪಿಕೊಂಡಿತ್ತು. ನನ್ನ ತಖ್ತೆ ನಿಷ್ಪಕ್ಷಪಾತದ ವೇಷ ತೊಟ್ಟಿತ್ತು.