ವಿದೇಶಿ ವಿದ್ಯಾರ್ಥಿ ಉದ್ಯೋಗ ಯೋಜನೆ: ಸಂದರ್ಶನದ ಸಿದ್ಧತೆ ಮತ್ತು ಉದ್ಯಮಿಯ ಪತ್ರ

ಸಿದ್ದಾಪುರ, ಜಯನಗರ, ವಿಲ್ಸನ್ ಗಾರ್ಡನ್ ಭಾಗದ ವರ್ತಕರ ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ಮಕ್ಕಳು ಪದವಿ ವ್ಯಾಸಂಗದ ರಜೆಯಲ್ಲಿ ಅಮೆರಿಕಕ್ಕೆ ತೆರಳಿ ಕೆಲವು ತಿಂಗಳು ದುಡಿಯಲು ಬಯಸಿದಾಗ, ತಂದೆಯ ಮುಂದೆ ಎರಡು ಬೇಡಿಕೆಗಳು ಬರುತ್ತವೆ. ಒಂದು, ಶುಲ್ಕಕ್ಕೆ ಹಣ. ಇನ್ನೊಂದು, ಅಂಗಡಿಯ ಅಥವಾ ಕಾರ್ಖಾನೆಯ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ. ಹಣ ಹೋದರೆ ಮತ್ತೆ ಗಳಿಸಬಹುದು. ಆದರೆ ಆ ಪತ್ರದಲ್ಲಿ ಒಂದು ಸುಳ್ಳಿದ್ದರೆ ಅದರ ಪರಿಣಾಮ ಮಗ ಅಥವಾ ಮಗಳ ಜೀವನಪರ್ಯಂತ ಉಳಿಯಬಹುದು. ಈ ಕಾರಣದಿಂದ ಸಂದರ್ಶನದ ಕ್ರಮವನ್ನು ವಿದ್ಯಾರ್ಥಿಯಷ್ಟೇ ಉದ್ಯಮಿಯೂ ಅರಿತಿರುವುದು ಅವಶ್ಯಕ.

ಯೋಜನೆಯ ಸ್ವರೂಪ

ಅಮೆರಿಕದ ‘ಸಮ್ಮರ್ ವರ್ಕ್ ಟ್ರಾವೆಲ್’ ಯೋಜನೆಯು ಜೆ-1 ವೀಸಾದ ಒಂದು ವಿಭಾಗ. ಕಾಲೇಜಿನಲ್ಲಿ ಪೂರ್ಣಾವಧಿ ವ್ಯಾಸಂಗ ಮಾಡುತ್ತಿದ್ದು, ಕನಿಷ್ಠ ಒಂದು ಸೆಮಿಸ್ಟರ್ ಮುಗಿಸಿದ ವಿದ್ಯಾರ್ಥಿಗಳು ದೀರ್ಘ ರಜೆಯ ಅವಧಿಯಲ್ಲಿ ಗರಿಷ್ಠ 4 ತಿಂಗಳು ಕೆಲಸ ಮಾಡಬಹುದು. ಭಾರತೀಯ ವಿದ್ಯಾರ್ಥಿಗೆ ಹೊರಡುವ ಮೊದಲೇ ಕೆಲಸ ನಿಗದಿಯಾಗಿರಬೇಕು. ಹೋಟೆಲು, ವಿಹಾರಧಾಮ, ಮನರಂಜನಾ ಉದ್ಯಾನ ಮುಂತಾದೆಡೆ ಈ ಕೆಲಸಗಳು ದೊರೆಯುತ್ತವೆ.

ತಯಾರಿಕಾ ಘಟಕಗಳ ಮಾಲೀಕರು ಗಮನಿಸಬೇಕಾದ ಒಂದು ಅಂಶವಿದೆ. 2011ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾದ ಪಾಮೈರಾದಲ್ಲಿ ಚಾಕೊಲೇಟ್ ಪ್ಯಾಕಿಂಗ್ ಘಟಕವೊಂದಕ್ಕೆ ಈ ಯೋಜನೆಯಡಿ ಬಂದಿದ್ದ ವಿದ್ಯಾರ್ಥಿಗಳು ದುಡಿಮೆಯ ಸ್ಥಿತಿಗತಿಯನ್ನು ವಿರೋಧಿಸಿ ಕೆಲಸ ಬಿಟ್ಟು ಹೊರಬಂದರು. ಇಂಥ ದೂರುಗಳ ಹಿನ್ನೆಲೆಯಲ್ಲಿ 2012ರ ಮೇ ತಿಂಗಳಲ್ಲಿ ನಿಯಮಗಳನ್ನು ಬಿಗಿಗೊಳಿಸಿ, ಕಾರ್ಖಾನೆ, ಕಟ್ಟಡ ನಿರ್ಮಾಣ ಹಾಗೂ ಕೃಷಿ ಕೆಲಸಗಳನ್ನು ಯೋಜನೆಯಿಂದ ಹೊರಗಿಡಲಾಯಿತು. ಪ್ರಧಾನವಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ದುಡಿಯಬೇಕಾದ ಕೆಲಸಗಳಿಗೂ ನಿಷೇಧ ಬಂದಿತು. ಆದ್ದರಿಂದ ಮಗನು ಯಂತ್ರೋದ್ಯಮದ ಅನುಭವ ಪಡೆಯಲೆಂದು ಬಯಸುವವರು ಜೆ-1ರ ‘ಇಂಟರ್ನ್’ ವಿಭಾಗವನ್ನು ಪರಿಶೀಲಿಸುವುದು ಸೂಕ್ತ. ಅದಕ್ಕೆ ಡಿ.ಎಸ್.-7002 ಎಂಬ ಲಿಖಿತ ತರಬೇತಿ ಯೋಜನೆ ಬೇಕಾಗುತ್ತದೆ.

ಮೂರು ಹಂತದ ಸಂದರ್ಶನ

ಮೊದಲನೆಯದು ಪ್ರಾಯೋಜಕ ಸಂಸ್ಥೆಯದು. ಇಂಗ್ಲಿಷಿನಲ್ಲಿ ವ್ಯವಹರಿಸುವ ಸಾಮರ್ಥ್ಯ ಅಭ್ಯರ್ಥಿಗೆ ಇದೆಯೇ ಎಂಬುದನ್ನು ಸಂದರ್ಶನದ ಮೂಲಕ ಅಥವಾ ಮಾನ್ಯತೆ ಪಡೆದ ಪರೀಕ್ಷೆಯ ಮೂಲಕ ಈ ಸಂಸ್ಥೆ ಖಚಿತಪಡಿಸಿಕೊಳ್ಳಬೇಕು. ಎರಡನೆಯದು ಕೆಲಸ ಕೊಡುವ ಮಾಲೀಕರದು. ಇದು ಸಾಮಾನ್ಯವಾಗಿ ವಿಡಿಯೋ ಮೂಲಕ ನಡೆಯುತ್ತದೆ. ಮೂರನೆಯದು, ಎಲ್ಲಕ್ಕಿಂತ ನಿರ್ಣಾಯಕವಾದುದು, ಕಾನ್ಸುಲೇಟ್ ಕಚೇರಿಯಲ್ಲಿ ನಡೆಯುವ ವೀಸಾ ಸಂದರ್ಶನ. ಮೊದಲ ಎರಡರಲ್ಲಿ ಗೆದ್ದರೂ ಮೂರನೆಯದರಲ್ಲಿ ಸೋಲುವ ಸಾಧ್ಯತೆ ಇದ್ದೇ ಇರುತ್ತದೆ. ಯಾವ ಮಧ್ಯವರ್ತಿಯೂ ವೀಸಾದ ಭರವಸೆ ನೀಡಲಾರ. ಪ್ರಾಯೋಜಕ ಸಂಸ್ಥೆಯ ಹೆಸರು ಅಮೆರಿಕದ ವಿದೇಶಾಂಗ ಇಲಾಖೆಯ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಂಡು, ಶುಲ್ಕಗಳ ವಿವರವಾದ ಪಟ್ಟಿಯನ್ನು ಲಿಖಿತವಾಗಿ ಪಡೆದ ನಂತರವೇ ಹಣ ಕಟ್ಟಬೇಕು.

ದಿನ ಗೊತ್ತುಪಡಿಸುವ ಕ್ರಮ

ಪ್ರಾಯೋಜಕ ಸಂಸ್ಥೆಯಿಂದ ಡಿ.ಎಸ್.-2019 ಪ್ರಮಾಣಪತ್ರ ಬಂದ ಮೇಲೆ ಮುಂದಿನ ಕೆಲಸಗಳು ಆರಂಭವಾಗುತ್ತವೆ. ಈ ವಿಭಾಗಕ್ಕೆ ಸೆವಿಸ್ ಶುಲ್ಕ 35 ಡಾಲರ್. ಡಿ.ಎಸ್.-160 ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಬೇಕು. ವೀಸಾ ಅರ್ಜಿಯ ಶುಲ್ಕವು 2023ರ ಜೂನ್‌ನಲ್ಲಿ 185 ಡಾಲರ್‌ಗೆ ಏರಿತು. ವೀಸಾ ದೊರೆಯದಿದ್ದರೂ ಈ ಹಣ ಹಿಂದಿರುಗುವುದಿಲ್ಲ. ಬಳಿಕ ಎರಡು ಭೇಟಿಗಳನ್ನು ಗೊತ್ತುಪಡಿಸಬೇಕು: ಬೆರಳಚ್ಚು ಮತ್ತು ಭಾವಚಿತ್ರಕ್ಕೆ ಒಂದು, ಸಂದರ್ಶನಕ್ಕೆ ಇನ್ನೊಂದು.

ಕರ್ನಾಟಕವು ಬಹುಕಾಲದಿಂದ ಚೆನ್ನೈ ಕಾನ್ಸುಲೇಟಿನ ವ್ಯಾಪ್ತಿಗೆ ಸೇರಿದೆ. ಬೆಂಗಳೂರಿನ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಯಾದಾಗ ಅಲ್ಲಿ ವೀಸಾ ಸೇವೆ ಆರಂಭವಾಗಿರಲಿಲ್ಲ. ಆದ್ದರಿಂದ ಸ್ಥಳವನ್ನು ಅಧಿಕೃತ ಜಾಲತಾಣದಲ್ಲಿ ಖಚಿತಪಡಿಸಿಕೊಂಡ ನಂತರವೇ ರೈಲಿನ ಟಿಕೆಟು ಕಾಯ್ದಿರಿಸುವುದು ಜಾಣತನ. ಚೆನ್ನೈಗೆ ಹೋಗಬೇಕಾದಲ್ಲಿ ಎರಡು ಭೇಟಿಗಳಿಗೂ ಅನುಕೂಲವಾಗುವಂತೆ ಮುನ್ನಾದಿನವೇ ಅಲ್ಲಿರುವುದು ಒಳ್ಳೆಯದು.

2025ರ ಜನವರಿ 1ರಿಂದ ಭಾರತದಲ್ಲಿ ಸಂದರ್ಶನದ ದಿನವನ್ನು ಒಮ್ಮೆ ಮಾತ್ರ ಶುಲ್ಕವಿಲ್ಲದೆ ಬದಲಾಯಿಸಲು ಅವಕಾಶ ನೀಡುವ ನಿಯಮ ಜಾರಿಗೆ ಬಂದಿತು. ಕಾಲೇಜಿನ ಪರೀಕ್ಷಾ ವೇಳಾಪಟ್ಟಿಯನ್ನು ನೋಡದೆ ದಿನ ಗೊತ್ತುಪಡಿಸಿದವರು ಮತ್ತೊಮ್ಮೆ ಶುಲ್ಕ ತೆರಬೇಕಾದೀತು. ಬೇಗ ದಿನ ಕೊಡಿಸುವುದಾಗಿ ಹೇಳುವ ದಲ್ಲಾಳಿಗಳ ವಿಷಯದಲ್ಲೂ ಎಚ್ಚರಿಕೆ ಅಗತ್ಯ. ಕಂಪ್ಯೂಟರ್ ಬಾಟ್‌ಗಳ ಮೂಲಕ ಪಡೆದ ಸುಮಾರು 2,000 ಭೇಟಿಗಳನ್ನು ಅಮೆರಿಕದ ರಾಯಭಾರ ಕಚೇರಿ 2025ರ ಮಾರ್ಚ್‌ನಲ್ಲಿ ರದ್ದುಪಡಿಸಿತು.

ಕಿಟಕಿಯ ಮುಂದೆ ಕೆಲವೇ ನಿಮಿಷ

ಸಂದರ್ಶನ ದೀರ್ಘವಾಗಿರುವುದಿಲ್ಲ. ಅಮೆರಿಕದ ವಲಸೆ ಕಾಯಿದೆಯ 214(ಬಿ) ಕಲಮಿನ ಪ್ರಕಾರ, ಅಭ್ಯರ್ಥಿಯು ಅಲ್ಲೇ ನೆಲೆಸಲು ಬಂದವನೆಂದು ಅಧಿಕಾರಿ ಮೊದಲು ಭಾವಿಸುತ್ತಾನೆ. ಹಾಗಲ್ಲವೆಂದು ತೋರಿಸುವ ಹೊಣೆ ಅಭ್ಯರ್ಥಿಯದು. ಯಾವ ಊರಿನಲ್ಲಿ, ಯಾರ ಬಳಿ, ಯಾವ ಕೆಲಸ, ಗಂಟೆಗೆ ಎಷ್ಟು ವೇತನ, ಕಾಲೇಜು ಮತ್ತೆ ಎಂದು ಆರಂಭ – ಇವನ್ನು ಬಾಯಿಪಾಠ ಮಾಡಿ ಒಪ್ಪಿಸುವುದಕ್ಕಿಂತ ತಿಳಿದುಕೊಂಡು ಹೇಳುವುದು ಮೇಲು. 2025ರ ಜೂನ್‌ನಿಂದ ಜೆ ವರ್ಗದ ಅಭ್ಯರ್ಥಿಗಳು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂಬ ಸೂಚನೆಯೂ ಇದೆ.

ಉದ್ಯಮಿಯ ಪತ್ರ

ಮಗ ಹಿಂದಿರುಗಿ ಬರುವನೆಂಬುದಕ್ಕೆ ಕುಟುಂಬದ ವ್ಯವಹಾರವೂ ಒಂದು ಆಧಾರ. ಜಿ.ಎಸ್.ಟಿ. ನೋಂದಣಿ, ಕಳೆದ ವರ್ಷಗಳ ಆದಾಯ ತೆರಿಗೆ ರಿಟರ್ನ್ಸ್, ಬ್ಯಾಂಕ್ ಖಾತೆಯ ವಿವರ – ಇವುಗಳ ಅಂಕಿಗಳು ಪರಸ್ಪರ ಹೊಂದಬೇಕು. ಸಂದರ್ಶನಕ್ಕೆ ಕೆಲವು ದಿನ ಮೊದಲು ಖಾತೆಗೆ ದೊಡ್ಡ ಮೊತ್ತ ತುಂಬಿಸಿ ತೋರಿಸುವುದು ಅನುಮಾನಕ್ಕೆ ಎಡೆಮಾಡಿಕೊಡುತ್ತದೆ.

ಸ್ನೇಹಿತರ ಅಥವಾ ನೆರೆಯವರ ಮಕ್ಕಳಿಗಾಗಿ ಅನುಭವ ಪತ್ರ ಕೇಳಿದಾಗ ದಾಕ್ಷಿಣ್ಯಕ್ಕೆ ಒಳಗಾಗುವ ಸಂದರ್ಭ ಬರುತ್ತದೆ. ಕೆಲಸವನ್ನೇ ಮಾಡದವನಿಗೆ ಕೆಲಸ ಮಾಡಿದನೆಂದು ಬರೆದುಕೊಡುವುದು ಉಪಕಾರವಲ್ಲ. ಪತ್ರದಲ್ಲಿರುವ ದೂರವಾಣಿ ಸಂಖ್ಯೆಗೆ ಕರೆ ಬಂದು ವಿಚಾರಣೆ ನಡೆಯಬಹುದು. ಸುಳ್ಳು ದಾಖಲೆಯಿಂದ ವೀಸಾ ಪಡೆಯಲು ಯತ್ನಿಸಿದವರು ಅದೇ ಕಾಯಿದೆಯಡಿ ಅಮೆರಿಕ ಪ್ರವೇಶಕ್ಕೆ ಶಾಶ್ವತವಾಗಿ ಅನರ್ಹರಾಗುತ್ತಾರೆ; ವಿಶೇಷ ವಿನಾಯಿತಿ ದೊರೆತ ಹೊರತು ಇದರಿಂದ ಬಿಡುಗಡೆಯಿಲ್ಲ. ಮುಂದೊಂದು ದಿನ ಆತನೇ ರಫ್ತು ವ್ಯವಹಾರಕ್ಕೆಂದು ಅಲ್ಲಿಗೆ ಹೋಗಬೇಕಾದಾಗ ಈ ತೊಡಕು ಎದುರಾಗುತ್ತದೆ.

ಇದಕ್ಕೆ ಹೋಲಿಸಿದರೆ 214(ಬಿ) ಅಡಿಯ ನಿರಾಕರಣೆ ಶಾಶ್ವತವಲ್ಲ. ಪರಿಸ್ಥಿತಿ ಬದಲಾದ ಮೇಲೆ ಹೊಸ ಅರ್ಜಿ, ಹೊಸ ಶುಲ್ಕದೊಂದಿಗೆ ಮತ್ತೆ ಪ್ರಯತ್ನಿಸಬಹುದು. ನಿಜವನ್ನು ಹೇಳಿ ನಿರಾಕರಣೆಗೊಳಗಾದವನಿಗೆ ಬರುವ ವರ್ಷವೂ ಬಾಗಿಲು ತೆರೆದಿರುತ್ತದೆ. ಲೆಟರ್‌ಹೆಡ್ಡಿಗೆ ಸಹಿ ಹಾಕುವ ಮುನ್ನ ಉದ್ಯಮಿಯು ಈ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಳ್ಳುವುದು ಮಕ್ಕಳ ಭವಿಷ್ಯದ ದೃಷ್ಟಿಯಿಂದಲೂ ಸಂಸ್ಥೆಯ ಹೆಸರಿನ ದೃಷ್ಟಿಯಿಂದಲೂ ಹಿತಕರ.